ನೋವು ನಿಂತ ಮೇಲೆ

ಹಡಪಸರ, ಪುಣೆ
೧೪ ನವೆಂಬರ್ ೨೦೨೫, ಶುಕ್ರವಾರ

ಪ್ರೀತಿಯ ವೈನಿಯವರಿಗೆ,

ನಿಮ್ಮ ನಾದಿನಿ ತ್ರಿವೇಣಿಯ ಶರಣು.

ಹೇಗಿದ್ದೀರಿ? ಕಣ್ಣಿನ ಪೊರೆ ತೆಗೆಸಿದ ಮೇಲೆ ಓದುವುದಕ್ಕೆ ತೊಂದರೆ ಇಲ್ಲ ಎಂದು ಮಾಂತು ಫೋನಿನಲ್ಲಿ ಹೇಳಿದ. ನಿಮ್ಮ ಮಗನ ಮಾತು ನಂಬಿಕೊಂಡು ನನ್ನ ಕಾಗೆಕಾಲು ಗುಬ್ಬಿಕಾಲಿನ ಅಕ್ಷರವನ್ನು ನಿಮ್ಮ ಮೇಲೆ ಹೇರುತ್ತಿದ್ದೇನೆ. ಕಣ್ಣಿಗೆ ಹನಿ ಬಿಡುವುದನ್ನು ಮರೆಯುತ್ತೀರಂತೆ. ಓಣಿಯವರಿಗೆಲ್ಲ ಗುಳಿಗೆಯ ಹೊತ್ತು ನೆನಪಿಸುವ ನೀವು ನಿಮ್ಮದನ್ನು ಮಾತ್ರ ಮರೆಯುವುದು ಹೊಸದೇನಲ್ಲ ಬಿಡಿ. ಮೊಣಕಾಲು ಹೇಗಿದೆ? ಗದಗಿನಲ್ಲಿ ಬೆಳಗಿನ ಗಾಳಿಗೆ ಈಗ ಚಳಿ ಹತ್ತಿರಬೇಕು. ಸ್ವೆಟರ್ ಇಲ್ಲದೆ ಹೊರಗೆ ಹೋಗಬೇಡಿ. ನಾವೆಲ್ಲ ಇಲ್ಲಿ ಆರಾಮ ಇದ್ದೇವೆ. ಈ ಮಾತನ್ನು ಈ ಸಲ ಸುಮ್ಮನೆ ರೂಢಿಗೆ ಬರೆದದ್ದಲ್ಲ, ಒಂದು ತಿಂಗಳು ಕಾದು ಬರೆದದ್ದು.

ಫೋನು ಕೈಯಲ್ಲೇ ಇರುವಾಗ ಇವಳಿಗೆ ಕಾಗದದ ಹುಚ್ಚು ಯಾಕೆ ಹಿಡಿಯಿತು ಎಂದು ನಿಮಗೆ ಅನ್ನಿಸುತ್ತದೆ. ಮೂರು ಸಲ ಫೋನ್ ಮಾಡಿದ್ದೆ, ವೈನಿ. ಮೂರೂ ಸಲ ನಿಮ್ಮ ದನಿ ಕೇಳಿದ ಕೂಡಲೇ ಹೇಳಬೇಕೆಂದದ್ದು ಬಿಟ್ಟು, ಮಳೆ, ಶೇಂಗಾ ಹೋಳಿಗೆ, ಮಾಂತು ಕಲಿಸುವ ಶಾಲೆ ಎಂದು ಏನೇನೋ ಹರಟೆ ಹೊಡೆದು ಇಟ್ಟುಬಿಟ್ಟೆ. ಎರಡು ವರ್ಷದ ಹಿಂದೆ ಅಣ್ಣನ ಮಣ್ಣಿಗೆ ಬಂದಾಗಲೂ ಹೀಗೇ ಆಯಿತು. ನಿಮ್ಮ ಕೈ ಹಿಡಿದುಕೊಂಡು ಒಂದು ತಾಸು ಕೂತಿದ್ದೆ, ಬಾಯಿ ಬಿಡಲಿಲ್ಲ. ನೀವು ಅದನ್ನು ದುಃಖ ಎಂದುಕೊಂಡಿರಿ. ದುಃಖವೂ ಇತ್ತು.

ನಮ್ಮ ಯಶ್ಮಿತಾ ಬಸುರಿ ಎನ್ನುವುದು ನಿಮಗೆ ಗೊತ್ತು. ಕಳೆದ ತಿಂಗಳು ಹನ್ನೊಂದನೇ ತಾರೀಖು ನಡೆದದ್ದು ಗೊತ್ತಿಲ್ಲ. ಆಗ ಅವಳಿಗೆ ಐದು ತಿಂಗಳು ತುಂಬಿತ್ತು. ಶನಿವಾರ, ಮಗರಪಟ್ಟಾದ ಆಫೀಸಿಗೆ ರಜೆ, ಹಾಗಾಗಿ ಗಂಡ ಹೆಂಡತಿ ಇಬ್ಬರೂ ನಮ್ಮ ಮನೆಗೆ ಬಂದಿದ್ದರು. ಅವಳಿಗೆ ಬೇಕೆಂದು ಜೋಳದ ರೊಟ್ಟಿ ಬಡಿಯುತ್ತಿದ್ದೆ. ಬೆಳಿಗ್ಗೆ ಒಂಬತ್ತು ಗಂಟೆಯ ಸುಮಾರಿಗೆ ಅಡುಗೆಮನೆಯ ಬಾಗಿಲಿಗೆ ಬಂದು ಚೌಕಟ್ಟು ಹಿಡಿದು ನಿಂತಳು. "ಮಮ್ಮಿ, ಎಡಗಡೆ ಭಾಳ ನೋಯಾಕತ್ತೇದ, ಭುಜದ ತನಕ ಹೊಂಟದ" ಎಂದಳು. ಮುಖ ನೋಡಿದರೆ ಬೆವರು. ನಾನು ಏನು ಮಾಡಿದೆ ಗೊತ್ತೇ? ಅಜವಾನ ಕುದಿಸಿ ನೀರು ಕುಡಿಸಿದೆ. ಹಾಸಿಗೆಯ ಮೇಲೆ ಮಲಗಿಸಿ, ಹರಳೆಣ್ಣೆ ಬೆಚ್ಚಗೆ ಮಾಡಿ, ಅಂಗೈಯಿಂದ ಹೊಟ್ಟೆಗೆ ಹಗುರವಾಗಿ ಸವರಿದೆ. ವಾಯು ಹಿಡಿದಿರಬೇಕು ಎಂದೆ. ಯಾವ ವಿಚಾರವೂ ಇಲ್ಲದೆ ಕೈ ತನ್ನ ಪಾಡಿಗೆ ತಾನು ಅದನ್ನೆಲ್ಲ ಮಾಡಿತು. ಅರ್ಧ ತಾಸಿನಲ್ಲಿ ನೋವು ನಿಂತಿತು. ಯಶ್ಮಿತಾ ಎದ್ದು ಕೂತು, "ಈಗ ಆರಾಮ ಅನಸ್ತದ" ಎಂದು ನಕ್ಕಳು. ನಮ್ಮವರು ಊಟಕ್ಕೆ ತಾಟು ಹಾಕಿದರು. ಅಳಿಯ ಪ್ರಜ್ವಲ ನೀರು ತುಂಬಿದ ಲೋಟಗಳನ್ನು ತಂದಿಟ್ಟ. ಆ ತಾಟುಗಳ ಸಪ್ಪಳ ಕಿವಿಗೆ ಬಿದ್ದದ್ದೇ ತಡ, ನನಗೆ ಇಂಥದೇ ಇನ್ನೊಂದು ಊಟ ನೆನಪಾಯಿತು.

ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ, ಆದರೂ ಬರೆಯುತ್ತೇನೆ. ಈ ಕಾಗದವನ್ನು ಮುಂದೆ ಮಾಂತು ಓದಬಹುದು, ನನ್ನ ಮಗಳು ಓದಬಹುದು. ಅವರಿಗೆ ಅರ್ಧ ಕತೆಯಷ್ಟೇ ಗೊತ್ತು. ೧೯೯೪ರಲ್ಲಿ ಇದೇ ಪುಣೆಯ ರವಿವಾರ ಪೇಠೆಯಲ್ಲಿ ಅಪ್ಪನ ಅರಿವೆ ಅಂಗಡಿಯ ಮೇಲಿದ್ದ ನಮ್ಮ ಮೂರು ಕೋಣೆಯ ಮನೆ. ನನ್ನ ಅಕ್ಕ ರೇಣು ಚೊಚ್ಚಲ ಬಸುರಿ, ಏಳು ತಿಂಗಳು, ಕುಬಸಕ್ಕೆಂದು ಸೋಲಾಪುರದಿಂದ ತವರಿಗೆ ಬಂದಿದ್ದಳು. ಹಸಿರು ಸೀರೆ, ಹಸಿರು ಬಳೆ, ಐದು ಜನ ಮುತ್ತೈದೆಯರು ಉಡಿ ತುಂಬುವ ದಿನ. ನೀವು ಮನೆಯ ಸೊಸೆ, ಇಪ್ಪತ್ತಾರು ವರ್ಷ. ಮೊದಲ ಉಡಿ ತುಂಬಬೇಕಾದವರು ನೀವೇ. ನನಗೆ ಇಪ್ಪತ್ತೆರಡು. ನಾನು ರೇಣಕ್ಕನಿಗೆ ಮೊಗ್ಗಿನ ಜಡೆ ಹೆಣೆಯುತ್ತಿದ್ದಾಗ ಅವಳಿಗೆ ಎಡಗಡೆ ನೋವು ಎದ್ದಿತು. ನೀವು ಒಲೆಯ ಮುಂದಿನಿಂದ ಎದ್ದು ಬಂದು ಅಜವಾನದ ನೀರು ಕೊಟ್ಟು, ಹರಳೆಣ್ಣೆ ಸವರಿದಿರಿ. ಅರ್ಧ ತಾಸಿನಲ್ಲಿ ನೋವು ನಿಂತಿತು. ಎಲ್ಲರೂ ನಕ್ಕರು, ಉಡಿ ತುಂಬಿದರು, ಉಂಡರು, ಫೋಟೋ ತೆಗೆಸಿಕೊಂಡರು. ಮರುದಿನ ಬೆಳಿಗ್ಗೆ ಚಹದ ಬಟ್ಟಲು ಹಿಡಿದಿದ್ದ ರೇಣಕ್ಕ ಕೂತಲ್ಲೇ ಪಕ್ಕಕ್ಕೆ ವಾಲಿದಳು. ರಿಕ್ಷಾ ದವಾಖಾನೆ ಮುಟ್ಟುವುದರೊಳಗೆ ತಾಯಿ, ಕೂಸು ಎರಡೂ ಹೋದವು. ಏನಾಗಿತ್ತು ಎಂದು ಯಾರಿಗೂ ತಿಳಿಯಲಿಲ್ಲ. ದೇಹ ಕೊಯ್ದು ನೋಡುವುದಕ್ಕೆ ಅಪ್ಪ ಒಪ್ಪಲಿಲ್ಲ. ಕಾರಣ ತಿಳಿಯದ ಮನೆಯಲ್ಲಿ ಕಾರಣ ಹುಡುಕುವವರು ಬಹಳ. ಅವ್ವ ನಿಮ್ಮ ಕೈಯನ್ನು ಹುಡುಕಿಕೊಂಡಳು.

ತಾಟಿನ ಮುಂದೆ ಕೂತಿದ್ದ ಮಗಳನ್ನು ಎಬ್ಬಿಸಿದೆ. ದವಾಖಾನೆಗೆ ನಡೆಯಿರಿ ಎಂದೆ. ಪ್ರಜ್ವಲ ಮಂಡ್ಯದ ಕಡೆಯ ಹುಡುಗ, ಬಲು ಸಮಾಧಾನಿ. "ಅತ್ತೆ, ನೋವು ಹೋಯ್ತಲ್ಲ, ಸ್ವಲ್ಪ ರೆಸ್ಟ್ ಮಾಡ್ಲಿ ಬಿಡಿ. ಮಂಡೇ ಹೇಗೂ ಅಪಾಯಿಂಟ್‌ಮೆಂಟ್ ಇದೆ" ಎಂದ. ನಮ್ಮವರೂ ಅದನ್ನೇ ಅಂದರು. ನೋವು ಹೋಯಿತೆಂದೇ ಹೋಗಬೇಕು ಎಂದು ನಾನು ಕೂಗಾಡಿದೆ. ನಾನು ಅಷ್ಟು ಕೂಗಾಡಿದ್ದನ್ನು ಮೂವತ್ತು ವರ್ಷದ ಸಂಸಾರದಲ್ಲಿ ನಮ್ಮವರು ನೋಡಿರಲಿಲ್ಲ. ಚಪ್ಪಲಿ ಅದಲುಬದಲಾಗಿ ಹಾಕಿಕೊಂಡು ಕಾರು ಹತ್ತಿದರು. ನಾನು ಯಾಕೆ ಅಷ್ಟು ಹಟ ಹಿಡಿದೆ ಎನ್ನುವುದಕ್ಕೆ ರೇಣಕ್ಕನ ಆ ಮಧ್ಯಾಹ್ನ ಒಂದು ಕಾರಣ. ಇನ್ನೂ ಒಂದಿದೆ. ಕೈ ಬಂದರೆ ಕೊನೆಗೆ ಬರೆಯುತ್ತೇನೆ.

ಸೋನೋಗ್ರಫಿ ಮಾಡಿದವರು ಚಿತ್ರಾ ಎಂಬ ಡಾಕ್ಟರು, ಬೆಳಗಾವಿಯವರು. ನಾವು ಕನ್ನಡದಲ್ಲಿ ಗುಸುಗುಸು ಅಂದದ್ದು ಕೇಳಿ ಅವರೂ ಕನ್ನಡಕ್ಕೆ ಬಂದರು. "ಕೂಸು ಆರಾಮ ಅದ್ರಿ" ಎಂದರು. ಕೂಸನ್ನಷ್ಟೇ ಅಲ್ಲ, ಕೂಸಿನ ತಾಯಿಯನ್ನೂ ನೋಡಿರಿ, ಎಡಗಡೆ ಮೇಲೆ ನೋಡಿರಿ ಎಂದು ನಾನು ಕೈ ಮುಗಿದೆ. ಆ ಪುಣ್ಯಾತ್ಗಿತ್ತಿ ಬೇಸರ ಮಾಡಿಕೊಳ್ಳಲಿಲ್ಲ. ಆ ಯಂತ್ರವನ್ನು ಪಕ್ಕೆಲುಬಿನ ಕೆಳಗೆ ಸರಿಸಿದರು, ನಿಲ್ಲಿಸಿದರು, ಮತ್ತೆ ಸರಿಸಿದರು. ಪರದೆಯ ಮೇಲೆ ದುಂಡನೆಯ ಒಂದು ಕಪ್ಪು ಚೀಲ ಕಂಡಿತು. ಯಾವುದೋ ಗುಂಡಿ ಒತ್ತಿದರು, ಚೀಲದ ಒಳಗೆ ಕೆಂಪು, ನೀಲಿ ಸುಳಿ ತಿರುಗತೊಡಗಿತು. ಅದು ಹರಿಯುವ ರಕ್ತವಂತೆ. ಅವರ ಮುಖದ ಮೇಲಿನ ನಗು ಹೋಯಿತು. "ಇವರನ್ನ ಎಬ್ಬಿಸಬ್ಯಾಡ್ರಿ, ನಡಸಬ್ಯಾಡ್ರಿ" ಎಂದು ಹೇಳಿ ತಾವೇ ಓಡಿದರು.

ಆಮೇಲೆ ಎಂ.ಆರ್.ಐ. ಆಯಿತು. ರಕ್ತನಾಳದ ದೊಡ್ಡ ಡಾಕ್ಟರು ಬಂದು ನಮ್ಮನ್ನು ಕೂಡಿಸಿಕೊಂಡು ಮರಾಠಿಯಲ್ಲಿ, ಕಾಗದದ ಮೇಲೆ ಚಿತ್ರ ಬರೆದು, ಅವಸರ ಇದ್ದರೂ ನಿಧಾನವಾಗಿ ತಿಳಿಸಿದರು. ಹೊಟ್ಟೆಯ ಎಡಕ್ಕೆ, ಪಕ್ಕೆಲುಬಿನ ಮರೆಯಲ್ಲಿ ಗುಲ್ಮ, ಅಂದರೆ ಸ್ಪ್ಲೀನ್, ಇರುತ್ತದಲ್ಲ, ಅದಕ್ಕೆ ರಕ್ತ ಒಯ್ಯುವ ನಾಳ ಒಂದಿದೆ. ಅದರ ಗೋಡೆ ಒಂದು ಕಡೆ ಸೊರಗಿ ಹೊರಗೆ ಉಬ್ಬಿ ಚೀಲವಾಗಿದೆ. ಇದಕ್ಕೆ ಅನ್ಯೂರಿಸಂ ಎನ್ನುತ್ತಾರೆ. ನಮ್ಮ ಮಗಳದು ನೆಲ್ಲಿಕಾಯಿಯಷ್ಟು. ಎಷ್ಟೋ ಜನರಿಗೆ ಇದು ಇರುವುದೇ ಗೊತ್ತಾಗುವುದಿಲ್ಲ, ಬೇರೆ ಯಾವುದಕ್ಕೋ ಸ್ಕ್ಯಾನ್ ಮಾಡಿಸಿದಾಗ ಕಾಣುತ್ತದೆ. ಗಂಡಸರಿಗಿಂತ ಹೆಂಗಸರಿಗೆ ಹೆಚ್ಚು. ಬಸುರಿಯಾದರೆ ಮೈಯಲ್ಲಿ ರಕ್ತ ಹೆಚ್ಚುತ್ತದೆ, ನಾಳದ ಗೋಡೆ ಮೆತ್ತಗಾಗುತ್ತದೆ, ಆಗಲೇ ಇದು ಒಡೆಯುವ ಭಯ. ಒಡೆದರೆ ನಾಲ್ವರು ತಾಯಂದಿರಲ್ಲಿ ಮೂವರು ಉಳಿಯುವುದಿಲ್ಲ, ಕೂಸು ಉಳಿಯುವುದು ತೀರ ಅಪರೂಪ ಎಂದರು. ಯಶ್ಮಿತಾಳ ಚೀಲದಿಂದ ಆಗಲೇ ಸ್ವಲ್ಪ ರಕ್ತ ಒಸರಿತ್ತು. ಹಾಗೆ ಒಸರಿದ ರಕ್ತ ಮೊದಲು ಜಠರದ ಹಿಂದಿನ ಸಣ್ಣ ಜಾಗದಲ್ಲಿ ನಿಲ್ಲುತ್ತದಂತೆ. ನಿಂತಾಗ ನೋವು ಇಳಿಯುತ್ತದೆ, ಮನುಷ್ಯರು ಗುಣವಾಯಿತು ಎಂದುಕೊಳ್ಳುತ್ತಾರೆ. ಕೆಲವು ತಾಸು, ಕೆಲವೊಮ್ಮೆ ಒಂದು ದಿನ. ಆಮೇಲೆ ಆ ಜಾಗವೂ ತಡೆಯುವುದಿಲ್ಲ. "ನೋವು ನಿಂತ ಆ ಹೊತ್ತೇ ನಮಗೆ ಸಿಗುವ ಹೊತ್ತು, ನೀವು ಅದರಲ್ಲೇ ಬಂದಿದ್ದೀರಿ" ಎಂದರು. ನಮ್ಮವರು ನನ್ನ ಕಡೆ ನೋಡಿದರು. ನಾನು ನೆಲ ನೋಡಿದೆ.

ಅವತ್ತು ಸಂಜೆ ಐದಕ್ಕೇ ಒಳಗೆ ಕರೆದುಕೊಂಡು ಹೋದರು. ಹೊಟ್ಟೆ ಕೊಯ್ಯಲಿಲ್ಲ. ತೊಡೆಯ ಸಂದಿನಲ್ಲಿ ಸೂಜಿಯಷ್ಟು ತೂತು, ಅದರಿಂದ ಕೂದಲಿನಂಥ ನಳಿಗೆಯನ್ನು ನಾಳದ ಒಳಗೇ ಚೀಲದ ತನಕ ಒಯ್ದು, ಸ್ಪ್ರಿಂಗಿನಂತೆ ಸುತ್ತಿಕೊಳ್ಳುವ ಸಣ್ಣ ತಂತಿಗಳನ್ನು ಇಟ್ಟು, ಚೀಲದ ಹಿಂದೆ ಮುಂದೆ ನಾಳದ ದಾರಿ ಮುಚ್ಚುವುದು. ಗುಲ್ಮಕ್ಕೆ ಬೇರೆ ಸಣ್ಣ ನಾಳಗಳಿಂದ ರಕ್ತ ಹೋಗುತ್ತದೆ. ಕೂಸಿಗೆ ಎಕ್ಸ್‌ರೇ ಆದಷ್ಟು ಕಡಿಮೆ ತಾಗುವಂತೆ ನೋಡಿಕೊಳ್ಳುತ್ತೇವೆ ಎಂದರು. ತಂತಿ ನಿಲ್ಲದಿದ್ದರೆ ಹೊಟ್ಟೆ ತೆರೆದು ನಾಳ ಕಟ್ಟಬೇಕು, ಗುಲ್ಮ ತೆಗೆಯಬೇಕಾಗಬಹುದು, ಕೂಸಿನ ಮಾತು ಆಗ ಹೇಳಲಾಗದು ಎಂದೂ ಹೇಳಿದರು. ಪ್ರಜ್ವಲ ಸಹಿ ಮಾಡಿದ. ಎರಡು ತಾಸು ನಾನು ಹೊರಗೆ ಕೂತಿದ್ದೆ. ಇಷ್ಟಲಿಂಗ ಅಂಗೈಯಲ್ಲಿ ಹಿಡಿದರೂ ಪಂಚಾಕ್ಷರಿ ಬಾಯಿಗೆ ಬರಲಿಲ್ಲ. ಅಂಗೈಗೆ ಇನ್ನೂ ಹರಳೆಣ್ಣೆಯ ವಾಸನೆ ಇತ್ತು. ಒಳಗೆ ಇರುವವಳು ಹೊರಗೆ ಬರದಿದ್ದರೆ ನಾಳೆ ಈ ಕೈಗೆ ಯಾರು ಏನು ಅನ್ನುತ್ತಾರೆ ಎಂಬ ವಿಚಾರ ಬಂತು. ಮಗಳ ಜೀವದ ಹೊತ್ತಿನಲ್ಲಿ ನನ್ನ ಹೆಸರಿನ ವಿಚಾರ! ನನಗೆ ನನ್ನ ಮೇಲೇ ಹೇಸಿಗೆ ಆಯಿತು, ವೈನಿ. ಇನ್ನೊಂದು ಮಾತೂ ಆಗಲೇ ತಿಳಿಯಿತು. ನಾನು ಎರಡು ತಾಸು ಹೊತ್ತ ಭಯವನ್ನು ನೀವು ಮೂವತ್ತೊಂದು ವರ್ಷ ಹೊತ್ತಿದ್ದೀರಿ.

ಬಂದಳು. ಇಬ್ಬರೂ ಬಂದರು ಅನ್ನಬೇಕು. ನಾಲ್ಕು ದಿನ ಜ್ವರ, ಎಡಪಕ್ಕೆಗೆ ನೋವು ಇತ್ತು, ಅದು ಆಗುವುದೇ ಎಂದರು. ಗುಲ್ಮ ಸೋತರೆ ಸೋಂಕು ತಾಗಬಾರದೆಂದು ಲಸಿಕೆ ಹಾಕಿದರು. ಮೊನ್ನೆ ಮತ್ತೆ ನೋಡಿದರು. ಚೀಲದಲ್ಲಿ ರಕ್ತ ಓಡಾಡುತ್ತಿಲ್ಲ, ತಂತಿ ಇದ್ದಲ್ಲೇ ಇದೆ, ಕೂಸು ಲೆಕ್ಕದಂತೆ ಬೆಳೆದಿದೆ. ಈಗ ಯಶ್ಮಿತಾ ನನ್ನ ಪಕ್ಕದಲ್ಲೇ ಕೂತು ಹುಣಸೆಕಾಯಿ ಚೀಪುತ್ತಾ ಏನು ಅಷ್ಟುದ್ದ ಬರೆಯುತ್ತೀ ಎಂದು ಇಣುಕುತ್ತಿದ್ದಾಳೆ. ಕೈ ಅಡ್ಡ ಹಿಡಿದಿದ್ದೇನೆ.

ಮೊನ್ನೆಯೇ ರಕ್ತನಾಳದ ಆ ದೊಡ್ಡ ಡಾಕ್ಟರಿಗೆ ರೇಣಕ್ಕನ ಕತೆ ಹೇಳಿದೆ. ಅವರು ಕನ್ನಡಕ ತೆಗೆದು ಪೂರ್ತಿ ಕೇಳಿದರು. "ಖಾತ್ರೀನೇ ಸಾಂಗತಾ ಯೇಣಾರ ನಾಹೀ" ಎಂದರು, ಖಾತ್ರಿಯಾಗಿ ಹೇಳಲಾಗದು, ಆದರೆ ಕೇಳಿದರೆ ಇದೇ ಇದ್ದಿರಬಹುದು ಅನ್ನಿಸುತ್ತದೆ ಎಂದು. ಇದು ಸಾಮಾನ್ಯವಾಗಿ ಮನೆತನದಲ್ಲಿ ಬರುವುದಲ್ಲವಂತೆ, ಆದರೂ ನೀವೂ ಒಮ್ಮೆ ಸ್ಕ್ಯಾನ್ ಮಾಡಿಸಿಕೊಳ್ಳಿ ಎಂದು ನನಗೆ ಬರೆದುಕೊಟ್ಟರು. ಮಾಡಿಸಿಕೊಂಡೆ, ನನ್ನದು ಚೆನ್ನಾಗಿದೆ. ಕೊನೆಗೆ ಕೇಳಬೇಕಾದದ್ದನ್ನು ಕೇಳಿದೆ. ಹೊಟ್ಟೆಗೆ ಎಣ್ಣೆ ಸವರಿದರೆ ಇದು ಒಡೆಯುತ್ತದೆಯೇ? ಅವರು ಇಲ್ಲವೆಂದು ತಲೆಯಾಡಿಸಿದರು. ಅದು ಇರುವುದು ಜಠರದ ಹಿಂದೆ, ಅಷ್ಟು ಆಳದಲ್ಲಿ, ಮೇಲೆ ಸವರಿದ ಕೈ ಅದಕ್ಕೆ ಮುಟ್ಟುವುದೇ ಇಲ್ಲ ಎಂದರು.

ಮುಟ್ಟುವುದೇ ಇಲ್ಲ, ವೈನಿ. "ಆಕಿ ಕೈ ಹಚ್ಚಿದ್ದಕ್ಕ ನನ್ನ ಮಗಳು ಹೋದಳು" ಎಂದು ಅವ್ವ ಸಾಯುವ ತನಕ ಹೇಳಿದಳಲ್ಲ, ಆ ಮಾತಿಗೆ ಬುಡವೇ ಇಲ್ಲ. ಆ ಮಾತಿನ ಮೇಲೆ ನಾವು ಎಷ್ಟು ಕಟ್ಟಿದೆವು! ಅಂದಿನಿಂದ ನಮ್ಮ ಬಳಗದಲ್ಲಿ ಯಾವ ಬಸುರಿಯ ಕುಬಸಕ್ಕೂ ನಿಮ್ಮನ್ನು ಕರೆಯಲಿಲ್ಲ. ಮೂರೇ ತಿಂಗಳಲ್ಲಿ ಅಣ್ಣ ನಿಮ್ಮನ್ನು ಕರೆದುಕೊಂಡು ಗದಗಿಗೆ ಹೋದ. ಮಾಂತು ಹೊಟ್ಟೆಯಲ್ಲಿದ್ದಾಗ ನಿಮ್ಮ ಸ್ವಂತ ಕುಬಸಕ್ಕೂ ನಮ್ಮ ಮನೆಯಿಂದ ಒಂದು ನರಪಿಳ್ಳೆ ಬರಲಿಲ್ಲ, ಓಣಿಯ ಹೆಂಗಸರು ನಿಮಗೆ ಉಡಿ ತುಂಬಿದರು. ರೇಣಕ್ಕನ ಮಣ್ಣಾದ ಐದನೆಯ ದಿನ ಅಪ್ಪ ಎಲ್ಲರನ್ನೂ ಪಡಸಾಲೆಯಲ್ಲಿ ಕೂಡಿಸಿ ವಿಚಾರಿಸಿದ್ದು ನೆನಪಿದೆಯಲ್ಲ. ಅಣ್ಣ ಎದ್ದು ನಿಂತು, ನೋವು ನಿಂತ ಮೇಲೂ ದವಾಖಾನೆಗೆ ಹೋಗೋಣ ಎಂದು ನನ್ನ ಹೆಂಡತಿ ಹೇಳಿದ್ದಳಂತೆ, ಯಾರೂ ಕೇಳಲಿಲ್ಲವಂತೆ ಎಂದ. ಹೌದು ಎನ್ನಲು ಯಾರೂ ಇರಲಿಲ್ಲ. ಹೆಂಡತಿಯನ್ನು ಕಾಯಲು ಮಗ ಹುಟ್ಟಿಸಿದ ಮಾತು ಎಂದು ಅಪ್ಪ ಅದನ್ನು ಅಲ್ಲಿಗೇ ಬಿಟ್ಟರು. ಗದಗಿಗೆ ಹೋದ ಮೇಲೆ ಅಣ್ಣ ನಮ್ಮ ಮನೆಯಲ್ಲಿ ಒಂದು ಲೋಟ ನೀರು ಕುಡಿಯಲಿಲ್ಲ.

ಯಶ್ಮಿತಾಳ ಕುಬಸ ಬರುವ ಡಿಸೆಂಬರ್ ಏಳು, ಭಾನುವಾರ, ನಮ್ಮ ಮನೆಯಲ್ಲೇ. ನೀವು ಬರಬೇಕು. ಬಂದು ಮೊದಲ ಉಡಿ ನೀವು ತುಂಬಬೇಕು. ನಿಮ್ಮ ಉತ್ತರ ನನಗೆ ಗೊತ್ತು. ಮುತ್ತೈದೆಯಾಗಿದ್ದಷ್ಟು ದಿನ ಕರೆಯಲಿಲ್ಲ, ಈಗ ಅವರಿಲ್ಲ, ಈಗ ಕರೆಯುತ್ತೀಯಾ ಎನ್ನುತ್ತೀರಿ. ಆದರೂ ಕರೆಯುತ್ತಿದ್ದೇನೆ. ಬಳಗದವರು ಮೂಗು ಮುರಿಯುತ್ತಾರೆ, ಮುರಿಯಲಿ. ಪ್ರಜ್ವಲನ ತಾಯಿ ಪುಟ್ಟತಾಯಮ್ಮನವರನ್ನು ಕೇಳಿದೆ. "ಮಗೂನ ಉಳಿಸಿರೋ ಮನೆ ನಿಮ್ದು, ಯಾರ ಕೈಲಿ ತುಂಬಿಸಿದ್ರೂ ನಮ್ಗೆ ಸಂತೋಷವೇ ಕಣ್ರಮ್ಮ" ಎಂದರು. ಮಗಳಂತೂ "ಮಾಮಿ ಬರಲಿಲ್ಲಂದ್ರ ನಾ ಮಣಿ ಮ್ಯಾಲೆ ಕೂಡಂಗೇ ಇಲ್ಲ" ಎಂದು ಹಟ ಹಿಡಿದಿದ್ದಾಳೆ. ಅವಳಿಗೆ ಹಳೆಯ ಫೋಟೋ ತೋರಿಸಿದೆ, ರೇಣಕ್ಕನ ಕುಬಸದ್ದು. ಹದಿನಾಲ್ಕು ಜನ ಇದ್ದೇವೆ. ಹದಿಮೂರು ಜನ ಕ್ಯಾಮೆರಾ ನೋಡುತ್ತಿದ್ದೇವೆ, ನೀವೊಬ್ಬರು ರೇಣಕ್ಕನ ಮುಖ ನೋಡುತ್ತಿದ್ದೀರಿ.

ಮಾಂತುವಿಗೆ ನನ್ನ ಆಶೀರ್ವಾದ. ಹನಿ ಬಿಟ್ಟುಕೊಳ್ಳುವುದನ್ನು ಮರೆಯಬೇಡಿ. ಅಣ್ಣನ ಗದ್ದುಗೆಗೆ ಹೋದಾಗ ನನ್ನ ಹೆಸರಿನಿಂದ ಎರಡು ಬಿಲ್ವಪತ್ರೆ ಏರಿಸಿ. ನಿಮ್ಮ ಪಾದಕ್ಕೆ ಮತ್ತೊಮ್ಮೆ ಶರಣು.

ನಿಮ್ಮ,
ತ್ರಿವೇಣಿ

ತಾ.ಕ.: ಕಾಗದ ಮಡಚಿದ್ದೆ, ಮತ್ತೆ ಬಿಚ್ಚಿದ್ದೇನೆ. ಪ್ರಜ್ವಲ ಪೋಸ್ಟಿಗೆ ಒಯ್ಯಲು ಬಾಗಿಲಲ್ಲಿ ನಿಂತಿದ್ದಾನೆ, ಅವಸರದಲ್ಲೇ ಬರೆಯುತ್ತೇನೆ, ಇಲ್ಲದಿದ್ದರೆ ಬರೆಯುವುದೇ ಇಲ್ಲ. ಹೌದು ಎನ್ನಲು ಯಾರೂ ಇರಲಿಲ್ಲ ಎಂದು ಮೇಲೆ ಬರೆದಿದ್ದೇನಲ್ಲ, ಅದು ಸುಳ್ಳು. ನಾನಿದ್ದೆ. ನೀವು ಎಣ್ಣೆಯ ಕೈ ಒರೆಸಿಕೊಳ್ಳುತ್ತಾ ನನಗೇ ಹೇಳಿದಿರಿ, "ನೋವು ನಿಂತದ ಅಂತ ಸುಮ್ನಾಗೂದು ಬ್ಯಾಡ ತ್ರಿವೇಣಿ, ಮಾರಿ ಬೆಳ್ಳಗಾಗೇದ, ದವಾಖಾನಿಗೆ ಕರಕೊಂಡು ಹೋಗೂಣು" ಎಂದು. "ಫೋಟೋದವ ಬಂದು ನಿಂತಾನ, ಸುಮ್ನ ಇರ್ರಿ ವೈನಿ" ಎಂದವಳು ನಾನು. ಅಂದು ಪಡಸಾಲೆಯಲ್ಲಿ ಅಪ್ಪ ನನ್ನನ್ನೇ ಕೇಳಿದರು, ನೀವು ಸೆರಗು ಬಾಯಿಗೆ ಹಿಡಿದು ನನ್ನನ್ನೇ ನೋಡುತ್ತಿದ್ದಿರಿ. "ನಾ ಕೇಳಿಲ್ಲಪ್ಪಾ" ಎಂದೆ. ನೀವು ನನ್ನನ್ನು ಒಂದು ದಿನವೂ ಬೈಯಲಿಲ್ಲ. ಹನ್ನೊಂದನೇ ತಾರೀಖು ತಾಟಿನ ಮುಂದಿನಿಂದ ಮಗಳನ್ನು ಎಬ್ಬಿಸುವಂತೆ ಮಾಡಿದ್ದು ಅದೇ ನಿಮ್ಮ ಮಾತು. ಅದೇ ನನ್ನ ಮಗಳನ್ನು ಉಳಿಸಿತು. ಏಳನೇ ತಾರೀಖು ಎಲ್ಲರೂ ಕೂತ ಮೇಲೆ, ಉಡಿ ತುಂಬುವ ಮೊದಲು, ಕಾಕಾನ ಮನೆಯವರ ಮುಂದೆ, ರೇಣಕ್ಕನ ಗಂಡನ ಮನೆಯ ಸೋಲಾಪುರದವರ ಮುಂದೆ ಇದನ್ನು ನಾನು ಎದ್ದು ನಿಂತು ಹೇಳುತ್ತೇನೆ. ನೀವು ಬಂದರೂ ಹೇಳುತ್ತೇನೆ, ಬರದಿದ್ದರೂ ಹೇಳುತ್ತೇನೆ. ಕ್ಷಮಿಸಿ ಎಂದು ಕೇಳುತ್ತಿಲ್ಲ, ಅದಕ್ಕೆ ಅಣ್ಣ ಇರಬೇಕಿತ್ತು. ಆರನೇ ತಾರೀಖು ಶನಿವಾರ ಬೆಳಿಗ್ಗೆ ನಾನು ಸ್ವಾರಗೇಟಿನ ಬಸ್ ಸ್ಟ್ಯಾಂಡಿನಲ್ಲಿರುತ್ತೇನೆ. ಗದಗಿನ ಕಡೆಯ ಕೊನೆಯ ಬಸ್ಸು ಬಂದು, ಅದರಿಂದ ಕೊನೆಯವರು ಇಳಿಯುವ ತನಕ ನಿಂತಿರುತ್ತೇನೆ.